ಕುದುರೆ ಮೇಲಿನ ಹ್ಯಾಂಪ್ಟನ್

ಪ್ರೀತಿಯ ಗೆಳೆಯಾ,

ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ರಾಜಧಾನಿ ಕೊಲಂಬಿಯಾದಿಂದ ನೀನು ಕಳಿಸಿದ ಫೋಟೋ ಸಿಕ್ಕಿತು. ಅಲ್ಲಿನ ಶಾಸನಸಭೆಯ ಅಂಗಳದಲ್ಲಿ ಕುದುರೆ ಮೇಲೆ ಕೂತ ಪ್ರತಿಮೆಯ ಮನುಷ್ಯ ಯಾರು ಅಂತ ಕೇಳಿದ್ದೀಯ. ಮೂರನೇ ವೇಡ್ ಹ್ಯಾಂಪ್ಟನ್ (ಅಪ್ಪ, ಅಜ್ಜನದೂ ಅದೇ ಹೆಸರು). ಅಷ್ಟೇ ಬರೆದು ಸುಮ್ನಾಗೋಣ ಅಂದ್ಕೊಂಡೆ, ಆಗಲಿಲ್ಲ ಮಾರಾಯ.

ಹುಟ್ಟಿದ್ದು 1818ರಲ್ಲಿ, ಚಾರ್ಲ್‌ಸ್ಟನ್‌ನಲ್ಲಿ. ಅಜ್ಜನ ಕಾಲದಿಂದ ಭಾರೀ ಶ್ರೀಮಂತರ ಮನೆ. ಮಿಸಿಸಿಪ್ಪಿಯಲ್ಲೂ ಹತ್ತಿ ತೋಟಗಳಿದ್ದವು. ಅಲ್ಲಿ ದುಡಿಯುತ್ತಿದ್ದ ನೂರಾರು ಗುಲಾಮರನ್ನು ಹೊಲ, ಕುದುರೆಗಳ ಜೊತೆಗೆ ಆಸ್ತಿ ಅಂತಲೇ ಲೆಕ್ಕ ಹಾಕುತ್ತಿದ್ದರು.

1861ರಲ್ಲಿ ಅಂತರ್ಯುದ್ಧ ಶುರುವಾದಾಗ ಅವನಿಗೆ ಸೈನಿಕ ತರಬೇತಿಯೇ ಇರಲಿಲ್ಲ. ಆದರೂ ಗುಲಾಮಗಿರಿ ಉಳಿಸಿಕೊಳ್ಳೋಕೆ ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಪರವಾಗಿ ಒಂದು ದಳ ಕಟ್ಟಿದ, ಕೈಯಿಂದಲೂ ಹಣ ಹಾಕಿದ. ಕೊನೆಗೆ ಲೆಫ್ಟಿನೆಂಟ್ ಜನರಲ್ ಆದ. 1864ರ ಸೆಪ್ಟೆಂಬರಿನಲ್ಲಿ ಶತ್ರುಗಳ ಬೆನ್ನ ಹಿಂದೆ ನುಗ್ಗಿ ಸುಮಾರು 2,500 ದನ ಹೊಡೆದುಕೊಂಡು ಬಂದ. ನಮ್ಮ ವೀರಗಲ್ಲಿನ ತುರುಗೋಳ್ ನೆನಪಾಗುತ್ತೆ, ಅಲ್ವಾ?

ಮರು ತಿಂಗಳೇ, ವರ್ಜೀನಿಯಾದ ಪೀಟರ್ಸ್‌ಬರ್ಗ್ ಹತ್ತಿರದ ಕಾಳಗದಲ್ಲಿ ಮಗ ಪ್ರೆಸ್ಟನ್‌ಗೆ ಗುಂಡು ತಗುಲಿತು. ತಮ್ಮನ ನೆರವಿಗೆ ಹೋದ ಇನ್ನೊಬ್ಬ ಮಗನೂ ಗಾಯಗೊಂಡ. ಸಾಯುತ್ತಿದ್ದ ಹುಡುಗನಿಗೆ ಮುತ್ತಿಟ್ಟು ಅಪ್ಪ ಮತ್ತೆ ಕಾಳಗಕ್ಕೆ ಹೋದ. ಇದನ್ನು ಓದಿದ ದಿನ ನನಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಆಗಲಿಲ್ಲ.

ಸಿಟ್ಟು ಬಂದದ್ದು ಆಮೇಲೆ. ಯುದ್ಧ ಸೋತರು, ಮನೆ ಸುಟ್ಟಿತ್ತು, 1868ರಲ್ಲಿ ದಿವಾಳಿಯೂ ಆದ. 1876ರಲ್ಲಿ ಗವರ್ನರ್ ಚುನಾವಣೆಗೆ ನಿಂತ. ಆ ರಾಜ್ಯದಲ್ಲಿ ಕಪ್ಪು ಜನರೇ ಜಾಸ್ತಿ, ಅವರಿಗೆ ಮತದಾನದ ಹಕ್ಕೂ ಬಂದಿತ್ತು. ವೇದಿಕೆಯಲ್ಲಿ ಹ್ಯಾಂಪ್ಟನ್ ಅವರ ಹಕ್ಕು ಕಾಯ್ತೀನಿ ಅಂತ ಮೆತ್ತಗೆ ಮಾತಾಡುತ್ತಿದ್ದ. ಕೆಂಪು ಅಂಗಿ ತೊಟ್ಟ ಅವನ ಕಡೆಯವರು ಬಂದೂಕು ಹಿಡಿದು ಊರೂರು ತಿರುಗಿ ಅದೇ ಜನರನ್ನು ಬೆದರಿಸುತ್ತಿದ್ದರು, ಕೊಂದದ್ದೂ ಉಂಟು. ಎಡ್ಜ್‌ಫೀಲ್ಡ್ ಅನ್ನೋ ಜಿಲ್ಲೆಯಲ್ಲಿ ಮತದಾರರಿಗಿಂತ ಮತಗಳೇ ಜಾಸ್ತಿ ಬಿದ್ದವು! ಹ್ಯಾಂಪ್ಟನ್, ಎದುರಾಳಿ ಚೇಂಬರ್ಲೇನ್ ಇಬ್ಬರೂ ನಾನೇ ಗೆದ್ದೆ ಅಂದರು, ತಿಂಗಳುಗಟ್ಟಲೆ ರಾಜ್ಯಕ್ಕೆ ಇಬ್ಬರು ಗವರ್ನರ್. 1877ರ ಏಪ್ರಿಲ್‌ನಲ್ಲಿ, ಚೇಂಬರ್ಲೇನ್‌ಗೆ ಬೆಂಬಲವಾಗಿದ್ದ ಕೇಂದ್ರದ ಸೈನಿಕರು ಜಾಗ ಬಿಟ್ಟ ಮೇಲೆ ಅವನು ಹೊರಟುಹೋದ. ಹ್ಯಾಂಪ್ಟನ್‌ನ ಆ ಮೆತ್ತನೆಯ ಮಾತು ನಿಜವೋ ನಾಟಕವೋ ಅಂತ ನಾನು ತಲೆ ಕೆಡಿಸಿಕೊಳ್ಳೋದಿಲ್ಲ. ಬಂದೂಕಿನಿಂದ ಬಂದ ಕುರ್ಚಿಯನ್ನು ಅವನು ಬೇಡ ಅನ್ನಲಿಲ್ಲವಲ್ಲ.

ಮುಂದೆ ಸೆನೆಟರ್ ಆದ. ಅಷ್ಟರಲ್ಲಿ ಬೇಟೆಗೆ ಹೋದಾಗ ಆದ ಅಪಘಾತದಿಂದ ಒಂದು ಕಾಲೂ ಹೋಗಿತ್ತು. 1890ರಲ್ಲಿ ಅವನ ಸೆನೆಟ್ ಸ್ಥಾನ ಕಸಿದದ್ದು ಬೆನ್ ಟಿಲ್ಮನ್‌ನ ಗುಂಪು. ಈ ಟಿಲ್ಮನ್ ಯಾರು ಗೊತ್ತಾ? 1876ರಲ್ಲಿ ಕೆಂಪು ಅಂಗಿ ತೊಟ್ಟು ತಿರುಗಿದವರಲ್ಲೊಬ್ಬ. ಅವನ ಪ್ರತಿಮೆಯೂ ಅದೇ ಅಂಗಳದಲ್ಲಿದೆ. ಮತ್ತೆ ಆ ಕಡೆ ಹೋದರೆ ಅದರದ್ದೂ ಒಂದು ಫೋಟೋ ಕಳಿಸು.

ನಿನ್ನ ಗೆಳೆಯ