ಹತ್ತಿ ಒತ್ತಿ ಹಿಡಿದ ಕೈಗಳಿಗೆ

ನನ್ನ ತಂಗಿ, ಭಾವ ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ, ಸೈಟಿನ ಶೆಡ್ಡಿನಲ್ಲೇ ವಾಸ. ಮೊಹರಂಗೆ ಸಿಂಧನೂರು ತಾಲ್ಲೂಕಿನ ನಮ್ಮೂರಿಗೆ ಬಂದ ಮೂರನೇ ದಿನವೇ ಅವರ ಆರು ವರ್ಷದ ಮಗಳಿಗೆ ಚಳಿಜ್ವರ ಹತ್ತಿತು. ಎರಡು ದಿನ ಊರಲ್ಲೇ ಸೊಂಟಕ್ಕೆ ಸೂಜಿ ಹಾಕಿಸಿದೆವು. ರಕ್ತ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಸೂಜಿ ಚುಚ್ಚಿದ ಜಾಗದಿಂದ ರಕ್ತ ಜಿನುಗಿ ಜಿನುಗಿ ಲಂಗ ಒದ್ದೆಯಾಗಿತ್ತು. ಒಸಡಿನಲ್ಲೂ ರಕ್ತ.

ಸುದ್ದಿ ಕೇಳಿ ಓಡಿ ಬಂದವರು ನಮ್ಮೂರ ಆಶಾ ಕಾರ್ಯಕರ್ತೆ ಅಕ್ಕ. ಅವರ ಮನೆಯಲ್ಲಿ ಅವತ್ತು ಮೊಹರಂನ ಸಿಹಿ ಚೋಂಗೆ ಮಾಡುವ ದಿನ, ಹಿಟ್ಟು ನಾದಿಟ್ಟು ಬಂದಿದ್ದರು. ಕೂಸಿನ ಬೆರಳು ಚುಚ್ಚಿ ಮಲೇರಿಯಾ ಪರೀಕ್ಷೆಯ ಕಿಟ್ಟಿನ ಮೇಲೆ ಒಂದು ಹನಿ ರಕ್ತ ಬಿಟ್ಟರು. ಗೆರೆ ಮೂಡಿದ್ದೇ, "ಮಾಸ್ತರ, ಇದು ಪಿಎಫ್ ಐತ್ರಿ, ಮೆದುಳಿಗೆ ಏರೋ ಮಲೇರಿಯಾ. ಮನ್ಯಾಗ ಇಟ್ಕೊಂಡು ಕುಂದ್ರಬ್ಯಾಡ್ರಿ" ಎಂದು ತಾವೇ 108ಕ್ಕೆ ಫೋನ್ ಮಾಡಿ, ರಾಯಚೂರಿನವರೆಗೂ ಜೊತೆಗೆ ಬಂದರು. ಯಕ್ಕಾ, ನಿಮ್ಮ ಆ ಒಂದು ಹನಿಯಿಂದಲೇ ನಮ್ಮ ಕೂಸು ಉಳಿಯಿತು.

ದೊಡ್ಡಾಸ್ಪತ್ರೆಯಲ್ಲಿ ನೋಡಿದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು 18 ಸಾವಿರ. ಕನಿಷ್ಠ ಒಂದೂವರೆ ಲಕ್ಷ ಇರಬೇಕಂತೆ. ಹಿಮೋಗ್ಲೋಬಿನ್ ಕೂಡ ತೀರಾ ಕಡಿಮೆ, 4.6. ಮಕ್ಕಳ ಡಾಕ್ಟರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ವಿವರಿಸಿದರು: ರೋಗಾಣು ಹೊಕ್ಕ ಕೆಂಪು ರಕ್ತಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ, ಅಲ್ಲಲ್ಲಿ ಚಿಕ್ಕ ಚಿಕ್ಕ ಹೆಪ್ಪು ಕಟ್ಟುತ್ತದೆ, ಪ್ಲೇಟ್‌ಲೆಟ್ಟು ಮತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಅಲ್ಲೇ ಖರ್ಚಾಗುತ್ತವೆ. "ಮೇಲಿನವರೇ ನೀರು ಎಳ್ಕೊಂಡ್ರ ಕಾಲುವೆ ಕೊನೀ ಹೊಲಕ್ಕ ಏನ್ ಉಳೀತದ್ರಿ ಮಾಸ್ತರ?" ಎಂದರು. ಕೊನೆಯ ಹೊಲದವನಾದ ನನಗೆ ಆ ಮಾತು ನೇರ ಎದೆಗೆ ತಾಗಿತು.

ಬಂದ ತಕ್ಷಣ ಮಲೇರಿಯಾದ ಔಷಧಿ ಆರ್ಟಿಸುನೇಟ್ ಸೂಜಿ ಕೊಟ್ಟರು. 12 ತಾಸಿಗೆ ಇನ್ನೊಂದು, 24 ತಾಸಿಗೆ ಮತ್ತೊಂದು, ಆಮೇಲೆ ದಿನಕ್ಕೊಂದು. ರೋಗಾಣು ಸತ್ತಂತೆಲ್ಲ ಹೆಚ್ಚಿನ ಮಕ್ಕಳಲ್ಲಿ ಪ್ಲೇಟ್‌ಲೆಟ್ ತಾನೇ ಏರುತ್ತದಂತೆ, ಬರೀ ಅಂಕಿ ನೋಡಿ ಪ್ಲೇಟ್‌ಲೆಟ್ ಬಾಟಲಿ ಏರಿಸುವುದಿಲ್ಲವಂತೆ. ನಮ್ಮವಳಿಗೆ ರಕ್ತ ನಿಲ್ಲದೇ ಇದ್ದುದರಿಂದ ಪ್ಲೇಟ್‌ಲೆಟ್, ಪ್ಲಾಸ್ಮಾ (ರಕ್ತದ ತಿಳಿ ದ್ರವ), ಕೆಂಪು ರಕ್ತ ಮೂರೂ ಬೇಕಾದವು. ರಾತ್ರಿ ಹನ್ನೊಂದಕ್ಕೆ ಬ್ಲಡ್ ಬ್ಯಾಂಕಿಗೆ ಬಂದ ಕೃಷಿ ವಿಶ್ವವಿದ್ಯಾಲಯದ ಮೂವರು ಹುಡುಗರು ರಕ್ತ ಕೊಟ್ಟರು, ಚಹಾ ಸಹ ಕುಡಿಯದೆ ಹೋದರು. ನಿಮ್ಮ ಹೆಸರು ಕೇಳುವಷ್ಟು ಗ್ಯಾನ ನನಗೆ ಆಗ ಇರಲಿಲ್ಲ, ತಮ್ಮಂದಿರಾ.

ಇನ್ನು ರಾತ್ರಿ ಪಾಳಿಯ ಸಿಸ್ಟರ್. ಕೈಗೆ ಚುಚ್ಚಿದ ಕಡೆ ರಕ್ತ ನಿಲ್ಲದಾಗ ಸ್ಟೂಲು ಎಳೆದುಕೊಂಡು ಕುಳಿತು, ಅರ್ಧ ತಾಸು ಹತ್ತಿ ಒತ್ತಿ ಹಿಡಿದರು. ಬೆರಳ ತುದಿ ಬೆಳ್ಳಗಾದರೂ ಕೈ ತೆಗೆಯಲಿಲ್ಲ. ನನ್ನ ತಂಗಿ ಅಳುತ್ತಿದ್ದರೆ ಇನ್ನೊಂದು ಕೈಯಿಂದ ಅವಳ ಬೆನ್ನು ಸವರುತ್ತಿದ್ದರು. ಸಿಸ್ಟರ್, ಆ ಅರ್ಧ ತಾಸನ್ನು ನಮ್ಮ ಮನೆ ಮರೆಯುವುದಿಲ್ಲ.

ಆರ್ಟಿಸುನೇಟ್ ಪಡೆದ ಕೆಲವರಲ್ಲಿ ವಾರಗಳ ನಂತರವೂ ರಕ್ತ ಕಡಿಮೆಯಾಗಬಹುದು ಎಂದು ನಾಲ್ಕು ವಾರ ಪರೀಕ್ಷೆಗೆ ಕರೆದಿದ್ದರು. ಕೊನೆಯದು ನಿನ್ನೆ ಮುಗಿಯಿತು. ರಕ್ತ ತೆಗೆದು ಹತ್ತಿ ಇಟ್ಟರು. ನಾನು ಒತ್ತಿ ಹಿಡಿಯಲು ಹೋದರೆ ಅವಳೇ ಎತ್ತಿ ತೋರಿಸಿದಳು. ಸಾಸಿವೆಯಷ್ಟು ಕೆಂಪು ಚುಕ್ಕಿ. "ಮಾಮಾ, ನಿಂತೈತಿ ನೋಡು."