ಮಳೆಯ ನೀರು ಬರುವ ದಾರಿ

ಪುಣೆ,
ಜೂನ್ ಮೊದಲ ವಾರ

ಚಿ. ವಿದ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮುಂಬಯಿಯ ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸುವ ಹೊಣೆ ನಿನಗೆ ಬಂದಿರುವ ಸುದ್ದಿ ತಿಳಿದು ಸಂತೋಷವಾಯಿತು. ಮುಂಗಾರಿನ ಪಾಠವನ್ನು ಹೇಗೆ ಆರಂಭಿಸಲಿ ಎಂದು ಕೇಳಿದ್ದೀಯೆ. ಅರಬ್ಬೀ ಸಮುದ್ರದ ನೀರು ಬಿಸಿಲಿಗೆ ಆವಿಯಾಗಿ, ಮೋಡವಾಗಿ, ಸಹ್ಯಾದ್ರಿಗೆ ತಾಗಿ ಸುರಿಯುತ್ತದೆ ಎಂಬ ಒಂದೇ ವಾಕ್ಯದಲ್ಲಿ ಅದನ್ನು ಮುಗಿಸಬೇಡ ಎಂಬುದೇ ನನ್ನ ಮೊದಲ ಮಾತು. ಆ ವಾಕ್ಯ ಸುಳ್ಳಲ್ಲ. ಆದರೆ ಇಷ್ಟೊಂದು ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಮಕ್ಕಳ ಮನಸ್ಸಿನಲ್ಲಿ ಏಳುವುದಕ್ಕೇ ಅದು ಅವಕಾಶ ಕೊಡುವುದಿಲ್ಲ.

ಒಂದು ಲೆಕ್ಕದಿಂದ ಆ ಪ್ರಶ್ನೆಯನ್ನು ಎಬ್ಬಿಸು. ಮಳೆಗಾಲದಲ್ಲಿ ಮುಂಬಯಿಯ ನೆತ್ತಿಯ ಮೇಲಿನ ಗಾಳಿಯಲ್ಲಿರುವ ಆವಿಯನ್ನೆಲ್ಲ ಒಂದು ಹನಿಯೂ ಉಳಿಯದಂತೆ ಇಳಿಸಿದರೂ ನೆಲದ ಮೇಲೆ ನಿಲ್ಲುವುದು ಸುಮಾರು 60 ಮಿಲಿಮೀಟರ್ ನೀರು ಮಾತ್ರ. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್‌ನ ಮಾಪಕ 24 ಗಂಟೆಗಳಲ್ಲಿ 944 ಮಿಲಿಮೀಟರ್ ದಾಖಲಿಸಿತು. ಆಕಾಶದಲ್ಲಿದ್ದುದರ ಹದಿನೈದು ಪಟ್ಟಿಗೂ ಹೆಚ್ಚು ನೀರು ಒಂದೇ ದಿನದಲ್ಲಿ ಬಿದ್ದಿತೆಂದರೆ, ಮಳೆ ಸುರಿಯುತ್ತಿದ್ದಷ್ಟು ಹೊತ್ತೂ ಹೊರಗಿನ ಗಾಳಿ ಹೊಸ ಆವಿಯನ್ನು ಹೊತ್ತು ಅಲ್ಲಿಗೆ ನುಗ್ಗುತ್ತಲೇ ಇತ್ತು ಎಂದಾಯಿತು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸು.

ಇನ್ನು ಭೂಪಟವನ್ನು ಬಿಡಿಸು. ಬೆರಳನ್ನು ಮುಂಬಯಿಯ ಮೇಲಲ್ಲ, ಮಾರಿಷಸ್‌ನ ದಕ್ಷಿಣಕ್ಕೆ ಇಡು. ನಮಗೆ ಮಳೆಗಾಲವಾದಾಗ ಅಲ್ಲಿ ಚಳಿಗಾಲ, ಮತ್ತು ಆ ಸಾಗರದ ಮೇಲೆ ಮ್ಯಾಸ್ಕರೀನ್ ಅಧಿಕ ಒತ್ತಡದ ವಲಯ ಬಲವಾಗಿ ನೆಲೆನಿಂತಿರುತ್ತದೆ. ಅಲ್ಲಿಂದ ಹೊರಟ ಆಗ್ನೇಯ ಮಾರುತಗಳು ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ಸಾವಿರಾರು ಕಿಲೋಮೀಟರ್ ಸಾಗುತ್ತ ಆವಿಯನ್ನು ತುಂಬಿಕೊಂಡು, ಪೂರ್ವ ಆಫ್ರಿಕದ ಎತ್ತರದ ನೆಲ ಅಡ್ಡವಾಗುವುದರಿಂದ ಕೆನ್ಯಾದ ಕರಾವಳಿಯ ಬಳಿ ಒತ್ತೊತ್ತಾಗಿ ಸಮಭಾಜಕವನ್ನು ದಾಟಿ, ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ಬಾಗಿ, ಸೊಮಾಲಿಯದ ಅಂಚಿನಿಂದ ಅರಬ್ಬೀ ಸಮುದ್ರವನ್ನು ಹಾಯ್ದು ನಮ್ಮ ಕೊಂಕಣ ತೀರಕ್ಕೆ ಪಡುವಣ ಗಾಳಿಯಾಗಿ ಬಂದು ಮುಟ್ಟುತ್ತವೆ. ಈ ಗಾಳಿಯ ವೇಗ ಅತ್ಯಂತ ಹೆಚ್ಚಿರುವುದು ಕೇವಲ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. 1960ರ ದಶಕದಲ್ಲಿ ಇದನ್ನು ವಿವರವಾಗಿ ಗುರುತಿಸಿದವರು ಬ್ರಿಟನ್ನಿನ ಹವಾಮಾನ ವಿಜ್ಞಾನಿ ಫಿಂಡ್ಲೇಟರ್. ಹಾಗಾಗಿ ಸೊಮಾಲಿ ವಾಯುಪ್ರವಾಹವೆಂದು ಕರೆಯುವ ಈ ಗಾಳಿಗೆ ಅವರ ಹೆಸರೂ ಇದೆ.

ಹಾಗಾದರೆ ನೀರು ದಕ್ಷಿಣ ಗೋಳಾರ್ಧದ್ದೋ, ಅರಬ್ಬೀ ಸಮುದ್ರದ್ದೋ ಎಂದು ಜಾಣ ಹುಡುಗನೊಬ್ಬ ಕೇಳಿಯೇ ಕೇಳುತ್ತಾನೆ. ಈ ವಾದ ನಾನಿರುವ ಪುಣೆಯಲ್ಲೇ ನಡೆದದ್ದು. ಇಲ್ಲಿನ ಉಷ್ಣವಲಯ ಹವಾಮಾನ ಸಂಸ್ಥೆಯ ಮೊದಲ ನಿರ್ದೇಶಕರಾದ ಪಿ. ಆರ್. ಪಿಷಾರೋಟಿ ಅವರು 1965ರಲ್ಲಿ, ಹೆಚ್ಚಿನ ಪಾಲು ಅರಬ್ಬೀ ಸಮುದ್ರದ್ದೇ ಎಂದು ಲೆಕ್ಕ ಹಾಕಿದರು. 1973ರಲ್ಲಿ ಸಾಹಾ ಮತ್ತು ಬಾವಡೇಕರ್ ಅವರು, ಸಮಭಾಜಕವನ್ನು ದಾಟಿ ಬರುವ ಆವಿಯೇ ಹೆಚ್ಚು ಎಂದು ತೋರಿಸಿದರು. ಅನಂತರ ಫ್ರಾನ್ಸಿನ ಸಂಶೋಧಕರು 1975ರ ಮಾಪನಗಳಿಂದ, ಪಶ್ಚಿಮ ಕರಾವಳಿಯನ್ನು ದಾಟುವ ಆವಿಯಲ್ಲಿ ಸುಮಾರು 70 ಶೇಕಡ ದಕ್ಷಿಣ ಗೋಳಾರ್ಧದ್ದೆಂದು ಎಣಿಸಿದರು. ಸಾಗರದ ಮೇಲಿನ ಗಾಳಿಯ ಮಾಪನಗಳು ಹೆಚ್ಚಿದಂತೆ ಲೆಕ್ಕ ತಿದ್ದುತ್ತ ಹೋಯಿತು. ಎರಡೂ ಹೌದೆಂದು ಜಾರಿಕೊಳ್ಳದೆ, ಈ ಹಿರಿಯರು ತಮ್ಮ ತಮ್ಮ ತೀರ್ಮಾನಕ್ಕೆ ಹೇಗೆ ಬಂದರೆಂಬುದನ್ನು ಮಕ್ಕಳಿಗೆ ಹೇಳು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಅದು ಖಂಡಿತ ಅರ್ಥವಾಗುತ್ತದೆ. ಅರಬ್ಬೀ ಸಮುದ್ರದ ಪಾಲು ಸಣ್ಣದೆಂದು ಮಾತ್ರ ಅವರಿಗೆ ಅನ್ನಿಸಬಾರದು. ಮೇ ತಿಂಗಳಲ್ಲಿ ಸುಮಾರು 30 ಡಿಗ್ರಿಗೆ ಕಾದಿರುವ ಆ ಸಮುದ್ರ ಮುಂಗಾರು ಹಿಡಿದ ಮೇಲೆ ತಣಿಯುವುದಕ್ಕೆ, ಬಿರುಗಾಳಿ ಅದರ ಮೈಯಿಂದ ಆವಿಯನ್ನೂ ಜೊತೆಗೆ ಶಾಖವನ್ನೂ ಎತ್ತಿಕೊಂಡು ಹೋಗುವುದು ಒಂದು ಮುಖ್ಯ ಕಾರಣ.

ಮಕ್ಕಳು ಸಮುದ್ರದಿಂದ ಮೋಡಗಳು ತೇಲಿ ಬರುವಂತೆ ಚಿತ್ರ ಬರೆಯುತ್ತಾರೆ. ಅದನ್ನು ತಿದ್ದು. ಗಾಳಿ ಹೊತ್ತು ತರುವುದು ಕಣ್ಣಿಗೆ ಕಾಣದ ಆವಿಯನ್ನು. ಅರಬ್ಬೀ ಸಮುದ್ರದ ಪಶ್ಚಿಮ ಭಾಗದಲ್ಲಿ ಮುಂಗಾರಿನ ಗಾಳಿ ಎಷ್ಟು ರಭಸವಾಗಿ ಬೀಸಿದರೂ ಮಳೆ ತೀರ ಕಡಿಮೆ, ಏಕೆಂದರೆ ಅಲ್ಲಿ ಮೇಲಿನಿಂದ ಅರೇಬಿಯದ ಒಣಗಾಳಿ ಮುಚ್ಚಿಕೊಂಡಿರುತ್ತದೆ. ನಿಮ್ಮ ಅಡುಗೆಮನೆಯಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ: ಮೇ ಕೊನೆಯಲ್ಲಿ ಒಂದು ಹನಿ ಮಳೆ ಬೀಳುವ ಮೊದಲೇ ಭರಣಿಯ ಉಪ್ಪು ನೀರೊಡೆಯುತ್ತದೆ, ಡಬ್ಬಿಯ ಹಪ್ಪಳ ಮೆತ್ತಗಾಗುತ್ತದೆ. ಆವಿ ಆಗಲೇ ಬಂದಾಗಿದೆ. ಅದನ್ನು ಮೇಲೆತ್ತುವ ಬಲ ಮಾತ್ರ ಇನ್ನೂ ಬಂದಿಲ್ಲ.

ಎತ್ತುವ ಬಲದ ಮಾತನ್ನು ಬಿಟ್ಟರೆ ಪಾಠ ಅರ್ಧವೇ. ಅದೇ 2005ರ ಜುಲೈ 26ರ ಮಳೆಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು 75 ಮಿಲಿಮೀಟರಿಗಿಂತ ಕಡಿಮೆ. ಒಂದೇ ಸಮುದ್ರ, ಒಂದೇ ನಗರ. ಗಾಳಿ ಒಟ್ಟುಗೂಡಿ ಮೇಲೇರಿದ ಜಾಗ ಮಾತ್ರ ಬೇರೆ. ಘಟ್ಟದ ನೆತ್ತಿಯ ಮಹಾಬಳೇಶ್ವರಕ್ಕೆ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ, ಘಟ್ಟವಿಳಿದ ಗಾಳಿ ಬೀಸುವ ನಮ್ಮ ಪುಣೆಗೆ ಸುಮಾರು 700. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಅದು ಪಶ್ಚಿಮಕ್ಕೆ ಸರಿದಾಗ ಕೊಂಕಣದ ಪಡುವಣ ಗಾಳಿ ಬಿರುಸಾಗುವುದನ್ನೂ ಹೇಳು. ಮುಂಬಯಿಯ ಮಳೆಗೆ ಪೂರ್ವದ ಕಡಲೂ ಕಾರಣವಾಗುವುದು ಹೀಗೆ.

ನೆಲದ ಪಾಲನ್ನು ಚಿಕ್ಕದಾಗಿ ಹೇಳಿದರೆ ಸಾಕು. ಗಂಗಾ ಬಯಲಿನಲ್ಲಿ ಮಳೆಗಾಲದ ಕೊನೆಯ ಹೊತ್ತಿಗೆ ಗದ್ದೆ, ಗಿಡಮರಗಳಿಂದ ಮೇಲೆದ್ದ ಆವಿಯೇ ಮತ್ತೆ ಮಳೆಯಾಗಿ ಒಂದು ಗಣನೀಯ ಪಾಲನ್ನು ಕೊಡುತ್ತದೆ. ಕೊಂಕಣದಲ್ಲಿ ಆ ಪಾಲು ಅಲ್ಪ.

ಕೊನೆಗೆ, ಈ ಮಕ್ಕಳು ಬಾಳಬೇಕಾದ ಕಾಲದ ಮಾತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡ ಹೆಚ್ಚು ಆವಿಯನ್ನು ಹಿಡಿಯಬಲ್ಲದು. 1950ರಿಂದ 2015ರವರೆಗೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆಯೆಂದೂ, ಅರಬ್ಬೀ ಸಮುದ್ರದ ಕಡೆಯಿಂದ ಆಗಾಗ ಉಕ್ಕಿ ಬರುವ ಆವಿ ಅವುಗಳ ಹಿಂದಿದೆಯೆಂದೂ ಪುಣೆಯ ಅದೇ ಸಂಸ್ಥೆಯ ರಾಕ್ಸಿ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದಾರೆ. ಇದನ್ನು ಹೆದರಿಸುವಂತೆ ಹೇಳಬೇಡ, ಮರೆಮಾಚಲೂ ಬೇಡ. ಜುಲೈನಲ್ಲಿ ಶಾಲೆಗೆ ಮಳೆಯ ರಜೆ ಬಿದ್ದ ಮರುದಿನವೇ ಈ ಪಾಠವನ್ನು ತೆಗೆದುಕೋ. ಹಿಂದಿನ ದಿನ ಕೊಲಾಬಾ ಮತ್ತು ಸಾಂತಾಕ್ರೂಜ್‌ನಲ್ಲಿ ಬಿದ್ದ ಮಳೆಯ ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಅಷ್ಟು ನೀರಿಗೆ ಆಕಾಶ ಎಷ್ಟು ಸಲ ತುಂಬಬೇಕಾಯಿತೆಂದು ಅವರನ್ನೇ ಕೇಳು.

ಇತಿ ನಿನ್ನ
ದೊಡ್ಡಪ್ಪ