ಸುಣ್ಣದ ಜಾಡು ಹಿಡಿದು: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ಆಲೆಮನೆಯ ಕುರಿತು ನೀವು ಬರೆದ ಲೇಖನವನ್ನೂ ಅದರ ಜೊತೆಗಿದ್ದ ಪತ್ರವನ್ನೂ ಓದಿದೆ. ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸುತ್ತಿರುವ ನೀವು ಇನ್ನು ಮುಂದೆ ಪ್ರಯೋಗಾಲಯವೋ ಬರವಣಿಗೆಯೋ ಎಂದು ಕೇಳಿದ್ದೀರಿ. ಎರಡು ದೋಣಿಯ ಮೇಲೆ ಕಾಲಿಟ್ಟವರು ದಡ ಸೇರುವುದಿಲ್ಲವೆಂದು ಮಂಡ್ಯದ ಮನೆಯಲ್ಲಿ ಹಿರಿಯರು ಹೇಳುತ್ತಿರುವುದನ್ನೂ ತಿಳಿಸಿದ್ದೀರಿ. ಇದಕ್ಕೆ ಉತ್ತರಿಸುವ ಮೊದಲು ನಿಮ್ಮ ಲೇಖನದ ಒಂದು ವಾಕ್ಯದ ಬಗ್ಗೆ ಮಾತನಾಡಬೇಕು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

‘ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾದ ಮೇಲೆ ಸ್ವಲ್ಪ ಸುಣ್ಣ ಹಾಕುತ್ತಾರೆ’ ಎಂದು ಬರೆದು ಮುಂದಕ್ಕೆ ಹೊರಟುಬಿಟ್ಟಿದ್ದೀರಿ. ಆಮೇಲೆ ಎರಡು ಪುಟದಷ್ಟು ಬೆಲ್ಲದ ಘಮ, ಒಲೆಯ ಹೊಗೆ, ಅಜ್ಜನ ನೆನಪು ಬರುತ್ತವೆ. ಅವು ಚೆನ್ನಾಗಿಯೇ ಇವೆ, ಆದರೆ ಅವನ್ನು ಇನ್ನೊಬ್ಬರೂ ಬರೆದಾರು. ಆ ಸುಣ್ಣವನ್ನು ಏಕೆ ಹಾಕುತ್ತಾರೆ ಎಂಬುದನ್ನು ಕೈಯಾರೆ ಕಂಡು, ಕಾರಣವನ್ನೂ ಓದಿ, ಎರಡನ್ನೂ ಸೇರಿಸಿ ಬರೆಯಬಲ್ಲವರು ಕನ್ನಡದಲ್ಲಿ ಬಹಳ ಮಂದಿ ಇಲ್ಲ. ನೀವು ಅವರಲ್ಲೊಬ್ಬರಾಗಬಹುದು.

ಕಬ್ಬಿನ ಹಾಲಿಗೆ ಸಹಜವಾಗಿಯೇ ಹುಳಿಯ ಗುಣವಿದೆ. ಆ ಹುಳಿಯೊಡನೆಯೇ ಅದನ್ನು ಕುದಿಸಿದರೆ ಅದರಲ್ಲಿನ ಸಕ್ಕರೆ, ಅಂದರೆ ಸುಕ್ರೋಸ್, ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಇವು ಹೆಚ್ಚಾದಷ್ಟೂ ಪಾಕ ಹರಳುಗಟ್ಟದೆ ಜಿಗುಟಾಗಿ ಉಳಿಯುತ್ತದೆ, ಅಚ್ಚು ನಿಲ್ಲುವುದಿಲ್ಲ. ಕಡಿದ ಕಬ್ಬನ್ನು ಗಾಣಕ್ಕೆ ಕೊಡದೆ ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೂ ಇದೇ ಹಾನಿ ಆಗುತ್ತದೆ, ಅಲ್ಲಿ ಒಡೆಯುವ ಕೆಲಸವನ್ನು ಕಬ್ಬಿನೊಳಗಿನ ಕಿಣ್ವ ಮಾಡುತ್ತದೆ. ಸುಣ್ಣದ ತಿಳಿ ಆ ಹುಳಿಯನ್ನು ಮುರಿಯುತ್ತದೆ, ಜೊತೆಗೆ ಹಾಲಿನಲ್ಲಿರುವ ಫಾಸ್ಫೇಟಿನೊಡನೆ ಸೇರಿ, ಪ್ರೋಟೀನು ಮೊದಲಾದ ಕಶ್ಮಲಗಳನ್ನು ಹಿಡಿದುಕೊಂಡು ಮಡ್ಡಿಯಾಗಿ ಮೇಲಕ್ಕೆ ತರುತ್ತದೆ. ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯೂ ಆ ಮಡ್ಡಿಯನ್ನು ಒಟ್ಟುಗೂಡಿಸಲು ನೆರವಾಗುತ್ತದೆ. ಸುಣ್ಣ ಹೆಚ್ಚಾಯಿತೋ, ಬೆಲ್ಲ ಕಪ್ಪಾಗಿ ರುಚಿ ಕೆಡುತ್ತದೆ. ಬೆಲ್ಲ ಬೇಯಿಸುವವರು ಹುಳಿಯನ್ನು ಅಳೆಯುವ ಪಿಎಚ್ ಕಾಗದವನ್ನು ನೋಡಿರುವುದಿಲ್ಲ, ಆದರೆ ಮಡ್ಡಿ ಒಡೆಯುವ ರೀತಿಯನ್ನೂ ಹಾಲಿನ ಬಣ್ಣವನ್ನೂ ನೋಡಿ ಕೈ ನಿಲ್ಲಿಸುತ್ತಾರೆ. ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳುಗಳ ನಡುವೆ ಉಂಡೆ ಕಟ್ಟಿ ಹದ ನೋಡುವ ಆ ಕ್ಷಣದಲ್ಲಿ ಥರ್ಮಾಮೀಟರು ಇಟ್ಟರೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಆ ಬೆರಳನ್ನೂ ಈ ಅಂಕಿಯನ್ನೂ ಒಂದೇ ವಾಕ್ಯದಲ್ಲಿ ಕೂರಿಸುವುದು ನಿಮ್ಮ ಕೆಲಸ.

ಅದೇ ಸುಣ್ಣದ ಜಾಡು ಹಿಡಿದು ಸ್ವಲ್ಪ ಮುಂದೆ ಹೋಗಿ. ಪ್ರತಿ ಮಳೆಗಾಲದಲ್ಲಿ ಕೆಆರ್‌ಎಸ್ ಜಲಾಶಯದ 124.80 ಅಡಿ ಎಂಬ ಗರಿಷ್ಠ ಮಟ್ಟವನ್ನು ಪತ್ರಿಕೆಯಲ್ಲಿ ನೋಡಿದ ಮೇಲೆಯೇ ನಮ್ಮ ಜಿಲ್ಲೆಯ ರೈತನಿಗೆ ನೆಮ್ಮದಿ. ಆ ನೀರನ್ನು ತಡೆದಿರುವ, 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಬರಿಯ ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು. ಅಷ್ಟು ದಪ್ಪ ಕಟ್ಟೆಯ ಒಡಲಿಗೆ ಗಾಳಿ ಹೋಗುವುದೆಲ್ಲಿಂದ? ಸುಟ್ಟ ಇಟ್ಟಿಗೆಯ ಪುಡಿಯಲ್ಲಿರುವ ಸಿಲಿಕಾ ನೀರಿನಲ್ಲಿಯೇ ಸುಣ್ಣದೊಡನೆ ವರ್ತಿಸಿ ಗಟ್ಟಿಯಾಗುತ್ತದೆ, ಹಾಗಾಗಿ ಒದ್ದೆಯ ಜಾಗದಲ್ಲೂ ಆ ಗಾರೆ ಬಲಿಯುತ್ತದೆ.

ಇನ್ನೂ ಮುಂದೆ ಹೋದರೆ ಮಲೆನಾಡಿನ ಅಡಿಕೆ ತೋಟ ಸಿಗುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಧ್ಯಯನ ಮಾಡಿ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ರೈತರಿಗೆ ರೂಢಿ ಮಾಡಿಸಿದರು. ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ತೋಟದವರು ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದುತ್ತಾರೆ. ಚಾಕುವಿನ ಮೇಲೆ ತಾಮ್ರದ ಕೆಂಪು ಕುಳಿತರೆ ಸುಣ್ಣ ಸಾಲದೆಂದು ಅರ್ಥ. ನೀವು ಎರಡನೆಯ ಪಿಯುಸಿಯಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಸ್ಥಾನಪಲ್ಲಟ ಕ್ರಿಯೆ ಇದೇ. ನಮ್ಮವರಿಗೆ ಇನ್ನೊಂದು ಋಣವೂ ಇದೆ: ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನೆಲೆಗೊಳ್ಳುವುದರಲ್ಲಿ ಇದೇ ಕೋಲ್ಮನ್ ಅವರ ಪಾತ್ರ ದೊಡ್ಡದು. ಕೀಟ ಮತ್ತು ಶಿಲೀಂಧ್ರಗಳ ವಿಜ್ಞಾನಿಯಾಗಿ ಬಂದವರು ಕಬ್ಬಿನ ಗದ್ದೆಗೆ ಬಂದು ಸೇರಿದ್ದು ಹೇಗೆಂದು ಯೋಚಿಸಿದರೆ, ಎದುರಿಗೆ ಬಂದ ಕೆಲಸವನ್ನು ಅದರ ಬುಡದವರೆಗೆ ಹಿಂಬಾಲಿಸಿದ್ದರಿಂದ ಎಂದೇ ನನಗೆ ಅನಿಸುತ್ತದೆ.

ನನ್ನ ನಂಬಿಕೆಯೂ ಇಷ್ಟೇ. ದಾರಿಯನ್ನು ಮೊದಲು ಆರಿಸಿಕೊಂಡು ಆಮೇಲೆ ನಡೆಯಲು ಹೊರಟವರಿಗಿಂತ, ಬಿಡದೆ ಕಾಡುವ ಒಂದು ಪ್ರಶ್ನೆಯ ಹಿಂದೆ ಹೋದವರಿಗೆ ದಾರಿ ಸಿಕ್ಕಿರುವುದನ್ನು ಹೆಚ್ಚಾಗಿ ಕಂಡಿದ್ದೇನೆ. ನಿಮ್ಮ ಪ್ರಶ್ನೆ ಪ್ರಯೋಗಾಲಯದೊಳಗೂ ಇದೆ, ಆಲೆಮನೆಯಲ್ಲೂ ಇದೆ. ಅದನ್ನು ಎರಡಾಗಿ ಸೀಳುವ ಅಗತ್ಯ ಎಲ್ಲಿದೆ? ಜೆ.ಆರ್. ಲಕ್ಷ್ಮಣರಾಯರು ಇದೇ ಮೈಸೂರಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುತ್ತಲೇ ಕನ್ನಡದಲ್ಲಿ ವಿಜ್ಞಾನ ಬರೆದರು. ಅವರ ಗದ್ಯದ ತಿಳಿತನಕ್ಕೂ ತರಗತಿಯ ಅಭ್ಯಾಸಕ್ಕೂ ಸಂಬಂಧವಿಲ್ಲವೆಂದು ನಾನು ನಂಬಲಾರೆ. ಕೆಲಸ ಸಿಕ್ಕರೆ ಸೇರಿಕೊಳ್ಳಿ, ಸಂಬಳದ ಚಿಂತೆಯಲ್ಲಿ ಬರೆದ ವಾಕ್ಯಕ್ಕೆ ಆತುರ ಹತ್ತಿಕೊಳ್ಳುತ್ತದೆ.

ಬರೆದದ್ದನ್ನು ಇಬ್ಬರಿಗೆ ಓದಿ ಹೇಳಿ: ಒಬ್ಬರು ನಿಮ್ಮ ಅಧ್ಯಾಪಕರು, ಇನ್ನೊಬ್ಬರು ಕೊಪ್ಪರಿಗೆಯ ಮುಂದೆ ನಿಲ್ಲುವವರು. ‘ಇದು ತಪ್ಪು’ ಎಂದು ಅಧ್ಯಾಪಕರು ಹೇಳಬಾರದು, ‘ಹಾಗೆ ನಾವು ಮಾಡುವುದಿಲ್ಲ’ ಎಂದು ಕೊಪ್ಪರಿಗೆಯವರು ಹೇಳಬಾರದು. ಕಬ್ಬು ಎಂದಷ್ಟೇ ಬರೆಯಬೇಡಿ, ಅದು ಕೋ 62175 ತಳಿಯೋ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಿಂದ ಬಂದ ವಿಸಿಎಫ್ 0517 ತಳಿಯೋ ಕೇಳಿ ತಿಳಿದುಕೊಳ್ಳಿ. ಪಿಎಚ್, ಸುಕ್ರೋಸ್ ಮುಂತಾದ ಪದಗಳನ್ನು ಹಾಗೆಯೇ ಬಳಸಿ. ಓದುಗರಿಗೆ ಅಪರಿಚಿತವಾದ ಸಂಸ್ಕೃತ ಸಮಾಸಗಳನ್ನು ಕಟ್ಟುವುದರಿಂದ ವಿಷಯ ಕನ್ನಡಕ್ಕೆ ಹತ್ತಿರವಾಗುವುದಿಲ್ಲ.

ಕೊನೆಗೆ ಒಂದು ಗಂಭೀರವಾದ ಮಾತು. ನಿಮ್ಮ ಲೇಖನದಲ್ಲಿ ಹೈಡ್ರೋಸಿನ ಹೆಸರೇ ಇಲ್ಲ. ಬೆಲ್ಲಕ್ಕೆ ಹೊಂಬಣ್ಣ ಬರಲೆಂದು ಅನೇಕ ಆಲೆಮನೆಗಳಲ್ಲಿ ಸೋಡಿಯಂ ಹೈಡ್ರೋಸಲ್ಫೈಟನ್ನು ಬಳಸುತ್ತಾರೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದರಿಂದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆಂಬುದೂ, ಆ ಹೊಳಪು ಬಹುಕಾಲ ನಿಲ್ಲುವುದಿಲ್ಲವೆಂಬುದೂ ಗೊತ್ತು. ಊರಿನವರಿಗೆ ಬೇಸರವಾದೀತೆಂದು ಬಿಟ್ಟಿದ್ದೀರಿ ಎಂದುಕೊಳ್ಳುತ್ತೇನೆ. ದಯವಿಟ್ಟು ಅದನ್ನು ಬರೆಯಿರಿ, ಆದರೆ ಆಲೆಮನೆಯವರನ್ನು ಕಟಕಟೆಯಲ್ಲಿ ನಿಲ್ಲಿಸಬೇಡಿ. ಕಂದು ಬೆಲ್ಲಕ್ಕೆ ಕಡಿಮೆ ಬೆಲೆ ಕಟ್ಟುವ ವರ್ತಕರನ್ನೂ, ಅಂಗಡಿಯಲ್ಲಿ ತಿಳಿಬಣ್ಣದ ಅಚ್ಚನ್ನೇ ಆರಿಸಿಕೊಳ್ಳುವ ಗ್ರಾಹಕರನ್ನೂ ಮಾತನಾಡಿಸಿ. ಮುಂದಿನ ಸಲ ಊರಿಗೆ ಹೋದಾಗ ಮಂಡ್ಯದ ಮಾರುಕಟ್ಟೆಯಲ್ಲಿ ಎರಡೂ ಬಣ್ಣದ ಬೆಲ್ಲದ ಆ ದಿನದ ಧಾರಣೆಯನ್ನು ಬರೆದುಕೊಂಡು ಬನ್ನಿ. ಲೇಖನದ ಎರಡನೆಯ ಕರಡನ್ನು ಅಲ್ಲಿಂದಲೇ ಆರಂಭಿಸೋಣ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ
ಮೈಸೂರು